ಮೂರು ಸಾವಿರ ವರ್ಷ ಬಾಳುವ ಮರಕ್ಕೆ ಮೊದಲ ಬೇಸಿಗೆಯೇ ಗಂಡಾಂತರ: ದೈತ್ಯ ಸೆಕೋಯಾ ಬೆಳೆಯುವ ಬಗೆ

2021ರ ಸೆಪ್ಟೆಂಬರ್‌ನಲ್ಲಿ ಒಂದು ಫೋಟೊ ಎಲ್ಲ ಕಡೆ ಹರಿದಾಡಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಂಕಿ ನಂದಿಸುವ ಸಿಬ್ಬಂದಿ ಒಂದು ಮರದ ಬುಡಕ್ಕೆ ಹೊಳೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿದ್ದರು. ಸುತ್ತಲಿನ ಬೆಟ್ಟಗಳಲ್ಲಿ ಕಾಳ್ಗಿಚ್ಚು. ಮರದ ಹೆಸರು ಜನರಲ್ ಶೆರ್ಮನ್. ಕಾಂಡದ ಗಾತ್ರದ ಲೆಕ್ಕದಲ್ಲಿ ಇವತ್ತು ಭೂಮಿಯ ಮೇಲೆ ಬದುಕಿರುವ ಅತಿ ದೊಡ್ಡ ಮರ ಅದು.

ಶೆರ್ಮನ್ ಉಳಿಯಿತು. ಆದರೆ ಅದರ ಜಾತಿಯ ಉಳಿದ ಮರಗಳ ಸುದ್ದಿ ಅಷ್ಟು ಚೆನ್ನಾಗಿರಲಿಲ್ಲ. 2020ರ ‘ಕ್ಯಾಸಲ್’ ಎಂಬ ಕಾಳ್ಗಿಚ್ಚೊಂದರಲ್ಲೇ 7,500ರಿಂದ 10,600 ದೊಡ್ಡ ಸೆಕೋಯಾಗಳು ಸತ್ತವು ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಅಂದಾಜು ಮಾಡಿತು. ಮರುವರ್ಷದ ಬೆಂಕಿಗಳನ್ನೂ ಸೇರಿಸಿದರೆ, ಜಗತ್ತಿನಲ್ಲಿದ್ದ ದೊಡ್ಡ ಸೆಕೋಯಾಗಳಲ್ಲಿ ಶೇ. 13ರಿಂದ 19ರಷ್ಟು ಎರಡೇ ವರ್ಷದಲ್ಲಿ ಹೋದವು, ಇಲ್ಲವೇ ಉಳಿಯದ ಸ್ಥಿತಿಗೆ ಬಂದವು. ಸಾವಿರಾರು ವರ್ಷ ಬೆಂಕಿಯ ಜೊತೆಗೇ ಬಾಳಿದ ಮರಗಳಿವು.

ಅಂದಿನಿಂದ ತುಂಬ ಜನ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಬೀಜ ಹಾಕಿ ಮತ್ತೆ ಬೆಳೆಸಬಹುದಲ್ವಾ? ಬೀಜದ ಪೊಟ್ಟಣ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬ್ರಿಟನ್ನಿನ ತೋಟಗಳಲ್ಲಿ ಈ ಮರ ಎದ್ದು ನಿಂತಿದೆ. ಹಾಗಾದರೆ ಕಷ್ಟ ಏನು? ಉತ್ತರ ತಿಳಿಯಬೇಕಾದರೆ ಮೊದಲು ಈ ಮರ ತನ್ನ ಕಾಡಿನಲ್ಲಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ನೋಡಬೇಕು. ಮನೆಯಲ್ಲಿ ಬೆಳೆಸುವವರು ಮಾಡುವ ಪ್ರತಿಯೊಂದು ಕೆಲಸವೂ ಆ ಕಾಡು ಮಾಡುವ ಕೆಲಸದ ನಕಲು.

ಯಾವ ಮರ ಇದು?

‘ರೆಡ್‌ವುಡ್’, ‘ಸೆಕೋಯಾ’ ಎಂಬ ಹೆಸರುಗಳು ಆಗಾಗ ಒಂದಕ್ಕೊಂದು ಕಲಸಿಹೋಗುತ್ತವೆ. ಬೀಜ ಕೊಳ್ಳುವ ಮುಂಚೆಯೇ ಈ ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಹತ್ತಿರದ ಸಂಬಂಧಿಗಳಾದ ಮೂರು ಬೇರೆ ಬೇರೆ ಮರಗಳಿವೆ.

ಮೊದಲನೆಯದು ದೈತ್ಯ ಸೆಕೋಯಾ. ಸಸ್ಯಶಾಸ್ತ್ರದ ಹೆಸರು ಸೆಕೋಯಾಡೆಂಡ್ರಾನ್ ಜೈಗ್ಯಾಂಟಿಯಂ. ಗಾತ್ರದಲ್ಲಿ ಇದನ್ನು ಮೀರಿಸುವ ಮರ ಇಲ್ಲ. ಶೆರ್ಮನ್‌ನ ಎತ್ತರ ಸುಮಾರು 84 ಮೀಟರ್. ನೆಲದ ಮಟ್ಟದಲ್ಲಿ ಸುತ್ತಳತೆ 31 ಮೀಟರ್‌ಗೂ ಜಾಸ್ತಿ. ಕಾಂಡದಲ್ಲಿರುವ ಮರ ಸುಮಾರು 1,487 ಘನ ಮೀಟರ್.

ಎರಡನೆಯದು ಕರಾವಳಿ ರೆಡ್‌ವುಡ್. ಜಗತ್ತಿನ ಅತಿ ಎತ್ತರದ ಮರಗಳು ಈ ಜಾತಿಯವು. 115 ಮೀಟರ್ ದಾಟಿದ್ದೂ ಉಂಟು. ಆದರೆ ಕಾಂಡ ಅಷ್ಟು ದಪ್ಪ ಇಲ್ಲ. ಸಮುದ್ರದಿಂದ ಬರುವ ಮಂಜು ಅದರ ಜೀವಾಳ. ಕಡಿದರೂ ಬುಡದಿಂದ ಚಿಗುರುತ್ತದೆ. ದೊಡ್ಡ ವಯಸ್ಸಿನ ದೈತ್ಯ ಸೆಕೋಯಾ ಹಾಗೆ ಚಿಗುರುವುದಿಲ್ಲ. ಅದಕ್ಕೆ ಬೀಜವೊಂದೇ ದಾರಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಚೀನಾದ ಮೆಟಾಸೆಕೋಯಾ. ಮೊದಲು ಕಲ್ಲಿನಲ್ಲಿ ಉಳಿದ ಪಳೆಯುಳಿಕೆಯಾಗಿ ಗೊತ್ತಾಗಿ, 1940ರ ದಶಕದಲ್ಲಿ ಜೀವಂತ ಮರವಾಗಿ ಸಿಕ್ಕಿತು. ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ಉಳಿದೆರಡು ವರ್ಷವಿಡೀ ಹಸಿರು.

ಈ ಲೇಖನ ಮೊದಲನೆಯದರ ಬಗ್ಗೆ.

ಅದರ ತವರು ಎಂಥದ್ದು?

ದೈತ್ಯ ಸೆಕೋಯಾ ತಾನಾಗಿ ಬೆಳೆಯುವುದು ಜಗತ್ತಿನಲ್ಲಿ ಒಂದೇ ಕಡೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ. ಅಲ್ಲೂ ಒಂದೇ ದೊಡ್ಡ ಕಾಡಾಗಿ ಇಲ್ಲ. ಬಿಡಿಬಿಡಿಯಾಗಿ ಎಪ್ಪತ್ತಕ್ಕೂ ಹೆಚ್ಚು ತೋಪುಗಳಾಗಿ ಚದುರಿದೆ. ಹೆಚ್ಚಿನ ತೋಪುಗಳಿರುವುದು ಸಮುದ್ರಮಟ್ಟದಿಂದ ಸುಮಾರು 1,400ರಿಂದ 2,150 ಮೀಟರ್ ಎತ್ತರದಲ್ಲಿ.

ಆ ಎತ್ತರದಲ್ಲಿ ಚಳಿಗಾಲವೆಂದರೆ ಆಳುದ್ದ ಹಿಮ. ಬೇಸಿಗೆಯೆಂದರೆ ಹೆಚ್ಚುಕಡಿಮೆ ಮಳೆಯೇ ಇಲ್ಲದ ತಿಂಗಳುಗಳು. ಹಾಗಾದರೆ ಇಷ್ಟು ದೊಡ್ಡ ಮರಕ್ಕೆ ಬೇಸಿಗೆಯಲ್ಲಿ ನೀರು ಎಲ್ಲಿಂದ? ಕರಗುವ ಹಿಮದಿಂದ. ಬೆಟ್ಟದ ಮೇಲೆ ಕೂತ ಹಿಮವೇ ಒಂದು ನೀರಿನ ಟ್ಯಾಂಕ್. ವಸಂತದಲ್ಲಿ ನಲ್ಲಿ ನಿಧಾನಕ್ಕೆ ತೆರೆಯುತ್ತದೆ. ನೀರು ಮಣ್ಣಿನೊಳಕ್ಕೆ ಇಳಿದು ಬೇಸಿಗೆಯುದ್ದಕ್ಕೂ ಬೇರಿಗೆ ಸಿಗುತ್ತದೆ. ದೊಡ್ಡ ಸೆಕೋಯಾ ಒಂದು ಬೇಸಿಗೆ ದಿನದಲ್ಲಿ 2,000 ಲೀಟರ್‌ಗೂ ಹೆಚ್ಚು ನೀರು ಹೀರಬಲ್ಲದು.

ಇನ್ನೊಂದು ಅಚ್ಚರಿ ಬೇರಿನದು. ಎಳೆ ಸಸಿಗೆ ನೆಟ್ಟಗೆ ಕೆಳಗಿಳಿಯುವ ತಾಯಿಬೇರು ಇರುತ್ತದೆ. ಮರ ದೊಡ್ಡದಾಗುತ್ತ ಅದರ ಮಹತ್ವ ಕಡಿಮೆಯಾಗುತ್ತದೆ. ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡುತ್ತವೆ. ಇಪ್ಪತ್ತೈದು ಅಂತಸ್ತಿನ ಕಟ್ಟಡದಷ್ಟು ಎತ್ತರದ ಮರವನ್ನು ಹಿಡಿದು ನಿಲ್ಲಿಸಿರುವುದು ಮಣ್ಣಿನ ಮೇಲ್ಪದರದ ಕೆಲವೇ ಮೀಟರ್ ಆಳದಲ್ಲಿ, ತಟ್ಟೆಯ ಹಾಗೆ ಹರಡಿದ ಬೇರುಗಳು. ನೆಡುವ ಜಾಗ ಆರಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಬೆಂಕಿ ಬೇಕು, ಬೆಂಕಿಯಿಂದಲೇ ಸಾವೂ ಬರುತ್ತದೆ. ಇದು ಹೇಗೆ?

ಈ ಮರದ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಸೆಕೋಯಾ ಹೂಬಿಟ್ಟು ಹಣ್ಣು ಕೊಡುವ ಮರವಲ್ಲ. ಪೈನ್ ಮರದ ಹಾಗೆ ಒರಟಾದ, ಚಿಪ್ಪುಚಿಪ್ಪಿನ ಕಾಯಿ ಬಿಡುತ್ತದೆ. ಇದಕ್ಕೆ ಕೋನ್ ಎನ್ನುತ್ತಾರೆ. ಜಗತ್ತಿನ ಅತಿ ದೊಡ್ಡ ಮರದ ಕೋನ್ ಕೋಳಿಮೊಟ್ಟೆಯಷ್ಟೇ ದೊಡ್ಡದು. ಒಳಗೆ ಸುಮಾರು 200 ಬೀಜ. ಒಂದೊಂದು ಬೀಜವೂ ಅವಲಕ್ಕಿಯ ಹಳಕಿನಷ್ಟು ಚಿಕ್ಕದು, ತೆಳ್ಳಗಿನದು, ಅಕ್ಕಪಕ್ಕ ಪುಟ್ಟ ರೆಕ್ಕೆ. ಒಂದು ಗ್ರಾಂ ತೂಗಬೇಕಾದರೆ ಸುಮಾರು 200 ಬೀಜ ಬೇಕು.

ಕೋನ್ ಬಲಿತ ಮೇಲೆ ಉದುರಿಬಿಡಬೇಕು ಅಲ್ವಾ? ಉದುರುವುದಿಲ್ಲ. ಹಸಿರಾಗಿಯೇ, ಬಾಯಿ ಮುಚ್ಚಿಕೊಂಡು, ಇಪ್ಪತ್ತು ವರ್ಷದವರೆಗೂ ಕೊಂಬೆಯಲ್ಲೇ ಇರಬಲ್ಲದು. ತಿಜೋರಿಯಲ್ಲಿಟ್ಟ ಹಾಗೆ ಬೀಜ ಒಳಗೆ ಭದ್ರ. ಕೋನ್ ಒಣಗಿದಾಗ ಮಾತ್ರ ಚಿಪ್ಪುಗಳು ಸುಕ್ಕಾಗಿ ಬೀಜ ಹೊರಬೀಳುತ್ತದೆ.

ಒಣಗಿಸುವವರು ಯಾರು? ಚಿಕರೀ ಎಂಬ ಅಳಿಲು ಹಸಿ ಕೋನ್‌ನ ಚಿಪ್ಪಿನ ತಿರುಳು ತಿನ್ನುತ್ತದೆ. ಬೀಜ ಅದಕ್ಕೆ ತೀರ ಸಣ್ಣದು, ಹಾಗಾಗಿ ಕೆಳಗೆ ಚೆಲ್ಲಿಹೋಗುತ್ತದೆ. ಒಂದು ಜಾತಿಯ ಸಣ್ಣ ಜೀರುಂಡೆಯ ಮರಿಹುಳು ಕೋನ್ ಒಳಗೆ ಸುರಂಗ ಕೊರೆದು ನೀರಿನ ನಾಳ ಕತ್ತರಿಸುತ್ತದೆ. ಆಗಲೂ ಕೋನ್ ಒಣಗುತ್ತದೆ. ಇವೆರಡೂ ವರ್ಷವಿಡೀ ಅಷ್ಟಿಷ್ಟು ಬೀಜ ಬೀಳಿಸುತ್ತಿರುತ್ತವೆ. ಮೂರನೆಯದು ಬೆಂಕಿ. ನೆಲದ ಮೇಲೆ ಬೆಂಕಿ ಹರಿದಾಗ ಬಿಸಿ ಗಾಳಿ ಮೇಲೇರಿ ಸಾವಿರಾರು ಕೋನ್‌ಗಳನ್ನು ಒಟ್ಟಿಗೇ ಒಣಗಿಸುತ್ತದೆ. ಮುಂದಿನ ದಿನಗಳಲ್ಲಿ ಬೀಜದ ಮಳೆ.

ಆ ಬೀಜ ಬೀಳುವ ಹೊತ್ತಿಗೆ ನೆಲ ಹೇಗಾಗಿರುತ್ತದೆ ನೋಡಿ. ಮೊಣಕಾಲುದ್ದ ಕೂತಿದ್ದ ತರಗೆಲೆ ಸುಟ್ಟುಹೋಗಿದೆ. ಕೆಳಗಿನ ಬರಿಮಣ್ಣು ತೆರೆದಿದೆ. ಮೇಲೆ ಮೆತ್ತನೆಯ ಬೂದಿ. ಮಣ್ಣು ಕಾದದ್ದರಿಂದ ಎಳೆ ಮೊಳಕೆಯನ್ನು ಕೊಲ್ಲುವ ಬೂಷ್ಟುಗಳೂ ಸತ್ತಿವೆ. ನೆರಳು ಕೊಡುತ್ತಿದ್ದ ಕೆಲವು ಬೇರೆ ಮರಗಳು ಬಿದ್ದು ಬಿಸಿಲು ನೇರ ನೆಲಕ್ಕೆ ಇಳಿಯುತ್ತಿದೆ. ಕೃಷಿಕರು ಹೊಲ ಹದ ಮಾಡಿದ ಹಾಗೆ ಬೆಂಕಿ ನೆಲ ಹದ ಮಾಡಿರುತ್ತದೆ.

ದೊಡ್ಡ ಮರ ಮಾತ್ರ ಆರಾಮಾಗಿ ನಿಂತಿರುತ್ತದೆ. ಅದರ ತೊಗಟೆ 60 ಸೆಂಟಿಮೀಟರ್‌ವರೆಗೂ ದಪ್ಪ, ನಾರುನಾರಾಗಿ ಸ್ಪಂಜಿನಂತೆ ಇರುತ್ತದೆ. ಧಗ್ಗನೆ ಹೊತ್ತಿಕೊಳ್ಳುವ ರಾಳ ಅದರಲ್ಲಿ ಬಹಳ ಕಡಿಮೆ. ಕೆಳಗಿನ ಕೊಂಬೆಗಳು ನೆಲದಿಂದ ಹತ್ತಾರು ಮೀಟರ್ ಮೇಲೆ. ಬೆಂಕಿ ಬುಡ ನೆಕ್ಕಿಕೊಂಡು ಹೋಗುತ್ತದೆ, ಅಷ್ಟೇ.

ಹಾಗಿದ್ದರೆ 2020ರಲ್ಲಿ ಆಗಿದ್ದೇನು? ಬೆಂಕಿಯ ಸ್ವಭಾವವೇ ಬದಲಾಗಿತ್ತು. ಹಿಂದೆ ಸಿಡಿಲಿನಿಂದ, ಮೂಲನಿವಾಸಿ ಸಮುದಾಯಗಳು ಹದವಾಗಿ ಹಾಕುತ್ತಿದ್ದ ಬೆಂಕಿಯಿಂದ ಕಾಡು ಆಗಾಗ ಸ್ವಲ್ಪ ಸ್ವಲ್ಪ ಸುಡುತ್ತಿತ್ತು. ನೂರಕ್ಕೂ ಹೆಚ್ಚು ವರ್ಷ ಎಲ್ಲ ಬೆಂಕಿಯನ್ನೂ ಆರಿಸುತ್ತ ಬಂದಿದ್ದರಿಂದ ಉರಿಯುವ ಸೌದೆ ಗುಡ್ಡೆಬಿತ್ತು. ಫರ್ ಜಾತಿಯ ಮರಗಳು ಸೆಕೋಯಾಗಳ ನಡುವೆ ಒತ್ತಾಗಿ ಎದ್ದವು. ಅವು ಬೆಂಕಿಗೆ ಏಣಿಯಾದವು. 2012ರಿಂದ 2016ರವರೆಗಿನ ಭೀಕರ ಬರ ಅಸಂಖ್ಯ ಮರಗಳನ್ನು ಒಣಗಿಸಿತು. ಹವೆ ಬಿಸಿಯಾಯಿತು. ಕೊನೆಗೆ ಬೆಂಕಿ ಬಂದಾಗ ಅದು ಬುಡದಲ್ಲಿ ಹರಿಯಲಿಲ್ಲ, ಏಣಿ ಹತ್ತಿ ನೆತ್ತಿಗೆ ಏರಿತು. ದಪ್ಪ ತೊಗಟೆ ಕಾಂಡವನ್ನು ಕಾಯಬಲ್ಲದು, ಎಲೆಯನ್ನು ಕಾಯಲಾರದು. ನೆತ್ತಿ ಪೂರ್ತಿ ಸುಟ್ಟರೆ ಮರದ ಜೊತೆಗೆ ಕೋನ್‌ಗಳೂ ಬೂದಿ. ಬುಡದಿಂದ ಚಿಗುರುವ ದಾರಿಯೂ ಇಲ್ಲ.

ಬೆಂಕಿಯನ್ನು ಪೂರ್ತಿ ತಡೆದರೆ ಹೊಸ ಸಸಿಗಳು ಏಳುವುದಿಲ್ಲ ಅನ್ನುವುದು 1960ರ ದಶಕದಲ್ಲೇ ಸಂಶೋಧಕರಿಗೆ ಸ್ಪಷ್ಟವಾಗಿತ್ತು. 1968ರಲ್ಲಿ ಸೆಕೋಯಾ ಮತ್ತು ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಯೋಜಿತ ಬೆಂಕಿ ಶುರುವಾಯಿತು. ಅಂದರೆ ಗಾಳಿ, ತೇವ, ದಿನ ನೋಡಿಕೊಂಡು, ಹತೋಟಿಯಲ್ಲಿ ಹಾಕುವ ಬೆಂಕಿ. ಆದರೆ ನೂರು ವರ್ಷದ ಬಾಕಿ ತೀರಿಸುವಷ್ಟು ದೊಡ್ಡ ಪ್ರಮಾಣದಲ್ಲಿ ಅದು ನಡೆಯಲಿಲ್ಲ.

ಬೀಜಕ್ಕೆ ಸುಳ್ಳು ಚಳಿಗಾಲ

ಈಗ ಮನೆಯಲ್ಲಿ ಬೆಳೆಸುವ ಮಾತು. ಕೈಯಲ್ಲಿ ಒಂದು ಪೊಟ್ಟಣ ಬೀಜ ಇದೆ ಅಂದುಕೊಳ್ಳಿ.

ಮೊದಲೇ ತಿಳಿದಿರಬೇಕಾದ ಸಂಗತಿ: ಬಹಳಷ್ಟು ಬೀಜ ಮೊಳೆಯುವುದಿಲ್ಲ. ಎಷ್ಟೋ ಬೀಜಗಳ ಒಳಗೆ ಜೀವ ಇರುವುದೇ ಇಲ್ಲ, ಬರಿ ಸಿಪ್ಪೆ. ನೂರಕ್ಕೆ ಮೂವತ್ತು ಮೊಳೆತರೂ ಚೆನ್ನಾಗಿ ಬಂತು ಎಂದೇ ಲೆಕ್ಕ. ಇದು ಬೆಳೆಸುವವರ ತಪ್ಪಲ್ಲ, ಮರದ ಗುಣ. ಕಾಡಿನಲ್ಲಿ ಒಂದು ದೊಡ್ಡ ಮರ ವರ್ಷಕ್ಕೆ ಲಕ್ಷಗಟ್ಟಲೆ ಬೀಜ ಚೆಲ್ಲುತ್ತದೆ. ಒಂದೋ ಎರಡೋ ಉಳಿದರೆ ಅದಕ್ಕೆ ಸಾಕು. ಹಾಗಾಗಿ ಒಂದು ಸಸಿ ಬೇಕಿದ್ದರೆ ಹತ್ತಿಪ್ಪತ್ತು ಬೀಜ ಹಾಕಬೇಕು.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ. ಆಮೇಲೆ ಒದ್ದೆ ಕಾಗದದಲ್ಲೋ ತೇವದ ಮರಳಿನಲ್ಲೋ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಮಂಜುಗಡ್ಡೆ ಕಟ್ಟುವ ಪೆಟ್ಟಿಗೆಯಲ್ಲಿ ಅಲ್ಲ. 1ರಿಂದ 4 ಡಿಗ್ರಿ ಸೆಲ್ಸಿಯಸ್ ಸಾಕು. 30ರಿಂದ 60 ದಿನ ಅಲ್ಲೇ ಇರಲಿ. ಕಾಗದ ಒದ್ದೆಯಾಗಿರಬೇಕು, ನೀರು ತೊಟ್ಟಿಕ್ಕಬಾರದು.

ಈ ಕೆಲಸ ಯಾಕೆ? ಕಾಡಿನಲ್ಲಿ ಶರತ್ಕಾಲದಲ್ಲಿ ಬಿದ್ದ ಬೀಜ ಚಳಿಗಾಲವಿಡೀ ಹಿಮದ ಕೆಳಗೆ ಮಲಗಿರುತ್ತದೆ. ತೇವ ಇದೆ, ಚಳಿ ಇದೆ. ಹಿಮ ಕರಗಿದಾಗ ಏಳುವ ಸಮಯ ಬಂತೆಂದು ಅದಕ್ಕೆ ಗೊತ್ತಾಗುತ್ತದೆ. ಫ್ರಿಜ್ ಕೊಡುವುದು ಅದೇ ಚಳಿಗಾಲ. ಇದಿಲ್ಲದೆ ಸುಮ್ನೆ ಬಿತ್ತಿದರೂ ಕೆಲವು ಬೀಜ ಮೊಳೆಯಬಹುದು. ಆದರೆ ಚಳಿ ಕಂಡ ಬೀಜಗಳು ಬೇಗ ಏಳುತ್ತವೆ, ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ.

ಮೊದಲ ವರ್ಷ: ಇಲ್ಲೇ ಸೋಲು, ಇಲ್ಲೇ ಗೆಲುವು

ಬಿತ್ತುವ ಮಣ್ಣು ಬೆಂಕಿ ಹರಿದ ನೆಲದ ಹಾಗಿರಬೇಕು. ಅಂದರೆ ಹಗುರ, ನೀರು ನಿಲ್ಲದ, ಬೂಷ್ಟು ಇಲ್ಲದ ಮಣ್ಣು. ತೋಟದ ಮಣ್ಣು, ಹಸಿ ಗೊಬ್ಬರ ಬೇಡ. ತೆಂಗಿನ ನಾರಿನ ಪುಡಿ ಅಥವಾ ಪೀಟ್, ಅದಕ್ಕೆ ಸಮನಾಗಿ ದಪ್ಪ ಮರಳು ಇಲ್ಲವೇ ಪರ್ಲೈಟ್ ಬೆರೆಸಿದರೆ ಸಾಕು. ಪರ್ಲೈಟ್ ಅಂದರೆ ಬಿಸಿಯಲ್ಲಿ ಅರಳಿಸಿದ ಜ್ವಾಲಾಮುಖಿ ಕಲ್ಲಿನ ಬಿಳಿ, ಹಗುರ ಕಾಳು. ಇದು ಮಣ್ಣಿನೊಳಗೆ ಗಾಳಿಗೆ ಜಾಗ ಮಾಡಿಕೊಡುತ್ತದೆ. ಮಿಶ್ರಣ ಸ್ವಲ್ಪ ಹುಳಿ ಗುಣದ್ದಾದರೆ ಒಳ್ಳೆಯದು.

ಬೀಜವನ್ನು ಆಳಕ್ಕೆ ಹೂಳಬೇಡಿ. ಮೇಲೆ ಎರಡು ಮೂರು ಮಿಲಿಮೀಟರ್ ಮರಳು ಉದುರಿಸಿದರೆ ಆಯಿತು. ಅಷ್ಟು ಸಣ್ಣ ಬೀಜದಲ್ಲಿ ಹೆಚ್ಚು ಊಟದ ಸಂಗ್ರಹ ಇಲ್ಲ. ಆಳದಿಂದ ಮೇಲೆ ಬರುವಷ್ಟರಲ್ಲಿ ಶಕ್ತಿ ಮುಗಿದುಹೋಗುತ್ತದೆ. ಕಾಡಿನಲ್ಲೂ ಇದೇ ಕಾರಣಕ್ಕೆ ದಪ್ಪ ತರಗೆಲೆಯ ಮೇಲೆ ಬಿದ್ದ ಬೀಜ ಉಳಿಯುವುದಿಲ್ಲ. ಎಳೆಬೇರು ತರಗೆಲೆ ದಾಟಿ ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ.

15ರಿಂದ 20 ಡಿಗ್ರಿ ಹವೆಯಲ್ಲಿ ಒಂದರಿಂದ ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಕೆಂಪಗಿನ, ದಾರದಂಥ ಕಾಂಡ. ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪುಟ್ಟ ಬೀಜದೆಲೆ. ಶೆರ್ಮನ್‌ನಂಥ ಮರದ ಶುರುವಾತು ಇದು ಎಂದು ನಂಬುವುದು ಕಷ್ಟ.

ಇಲ್ಲಿಂದ ಮುಂದಿನ ಕೆಲವು ವಾರ ಅತಿ ಅಪಾಯದ ಕಾಲ. ಸಂಜೆ ನೆಟ್ಟಗಿದ್ದ ಮೊಳಕೆ ಬೆಳಗ್ಗೆ ಬುಡದಲ್ಲಿ ಮೆತ್ತಗಾಗಿ ಮಲಗಿಬಿಟ್ಟಿರುತ್ತದೆ. ಇದು ಬುಡ ಕೊಳೆಯುವ ರೋಗ. ಸದಾ ಒದ್ದೆಯಾಗಿರುವ ಮಣ್ಣು, ಅಲುಗದ ಗಾಳಿ, ಮಂದ ಬೆಳಕು ಈ ಮೂರೂ ಸೇರಿದಲ್ಲಿ ಬೂಷ್ಟು ಎದ್ದು ಎಳೆ ಕಾಂಡವನ್ನು ತಿನ್ನುತ್ತದೆ. ಒಮ್ಮೆ ಬಿದ್ದ ಸಸಿಯನ್ನು ಉಳಿಸಲಾಗುವುದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಮೊಳಕೆ ಕಂಡ ಕೂಡಲೇ ಕುಂಡದ ಮೇಲಿನ ಮುಚ್ಚಳ ತೆಗೆಯಿರಿ. ಗಾಳಿ ಆಡುವ ಜಾಗದಲ್ಲಿಡಿ. ನೀರನ್ನು ಮೇಲಿಂದ ಸುರಿಯುವ ಬದಲು ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಮೇಲ್ಮಣ್ಣು ಸ್ವಲ್ಪ ಒಣಗಿದ ಮೇಲೆ ಮತ್ತೆ ನೀರು.

ಹಾಗಂತ ಪೂರ್ತಿ ಒಣಗಲು ಬಿಟ್ಟರೂ ಅಷ್ಟೇ ಅಪಾಯ. ಕಾಡಿನಲ್ಲಿ ಹುಟ್ಟಿದ ಸಸಿಗಳಲ್ಲಿ ಬಹುಪಾಲು ಸಾಯುವುದು ಮೊದಲ ಬೇಸಿಗೆಯಲ್ಲಿ, ನೀರಿಲ್ಲದೆ. ಮೇಲಿನ ಮಣ್ಣು ಕೆಳಕೆಳಕ್ಕೆ ಒಣಗುತ್ತ ಹೋಗುತ್ತದೆ. ಬೇರು ಅದಕ್ಕಿಂತ ವೇಗವಾಗಿ ಕೆಳಗೆ ಓಡಬೇಕು. ಅದಕ್ಕೇ ಎಳೆ ಸಸಿ ಮೊದಲ ವರ್ಷ ಮೇಲೆ ಕೆಲವೇ ಸೆಂಟಿಮೀಟರ್ ಬೆಳೆದರೂ ಕೆಳಗೆ ಅದರ ಹಲವು ಪಟ್ಟು ಬೇರು ಇಳಿಸಿರುತ್ತದೆ. ಸಸಿ ಬೆಳೀತಾ ಇಲ್ಲ ಎಂದು ಬೇಸರಪಡುವವರು ಇದನ್ನು ತಿಳಿದಿರಬೇಕು. ಅದು ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣದ ಕಡೆ.

ಆದ್ದರಿಂದ ಕುಂಡ ಅಗಲಕ್ಕಿಂತ ಆಳವಾಗಿರಲಿ, ಕನಿಷ್ಠ 15 ಸೆಂಟಿಮೀಟರ್. ಬೇರು ತಳ ಮುಟ್ಟಿ ಸುತ್ತಿಕೊಳ್ಳಲು ಶುರುಮಾಡಿದರೆ ದೊಡ್ಡ ಕುಂಡಕ್ಕೆ ಬದಲಿಸಿ. ಕುಂಡದಲ್ಲಿ ಸುರುಳಿ ಸುತ್ತಿದ ಬೇರು ನೆಲಕ್ಕೆ ಹೋದ ಮೇಲೂ ಸುರುಳಿಯಾಗಿಯೇ ದಪ್ಪಗಾಗುತ್ತದೆ. ದೊಡ್ಡ ಮರಕ್ಕೆ ಅದು ತನ್ನ ಕುತ್ತಿಗೆಗೆ ತಾನೇ ಹಾಕಿಕೊಂಡ ಹಗ್ಗ.

ಕಿಟಕಿಯ ಗಿಡವಲ್ಲ

ಸಸಿ ಮುದ್ದಾಗಿ ಕಾಣುತ್ತದೆ, ಮನೆಯೊಳಗೇ ಇಟ್ಟುಕೊಳ್ಳೋಣ ಅನ್ನಿಸುವುದು ಸಹಜ. ಆದರೆ ಸೆಕೋಯಾಗೆ ಬೇಕಿರುವುದು ನೇರ ಬಿಸಿಲು, ಬೀಸುವ ಗಾಳಿ, ನಿಜವಾದ ಚಳಿಗಾಲ. ನೆರಳಿನಲ್ಲಿ ಅದು ಸೊರಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ವರ್ಷವಿಡೀ ಇಟ್ಟರೆ ವಿಶ್ರಾಂತಿಯೇ ಸಿಗದೆ ನಿಧಾನವಾಗಿ ಬಲಹೀನವಾಗುತ್ತದೆ.

ಹೊರಗಿಟ್ಟ ಎಳೆ ಗಿಡ ಚಳಿಗಾಲದಲ್ಲಿ ಕಂಚಿನ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ. ಅದು ಚಳಿಗೆ ಗಿಡ ಕೊಡುವ ಉತ್ತರ. ವಸಂತದಲ್ಲಿ ಮತ್ತೆ ಹಸಿರಾಗುತ್ತದೆ. ಬೇರೂರಿದ ಮರ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯಬಲ್ಲದು. ಕುಂಡದ ಗಿಡಕ್ಕೆ ಮಾತ್ರ ಜೋಪಾನ ಬೇಕು. ನೆಲದಲ್ಲಿ ಬೇರಿಗೆ ಮಣ್ಣಿನ ಬೆಚ್ಚನೆ ಇರುತ್ತದೆ. ಕುಂಡದಲ್ಲಿ ನಾಲ್ಕು ಕಡೆಯಿಂದಲೂ ಚಳಿ ನುಗ್ಗಿ ಬೇರು ಹೆಪ್ಪುಗಟ್ಟಬಹುದು.

ಬೇಸಿಗೆ ಬಿಸಿಯಾಗಿಯೂ ತೇವವಾಗಿಯೂ ಇರುವ, ಚಳಿಗಾಲವೇ ಇಲ್ಲದ ಪ್ರದೇಶಗಳಲ್ಲಿ ಈ ಮರ ಒಗ್ಗುವುದಿಲ್ಲ. ಅಂಥ ಹವೆಯಲ್ಲಿ ಎಲೆಗೆ, ಕೊಂಬೆಗೆ ಬೂಷ್ಟುರೋಗ ಹತ್ತುತ್ತದೆ. ಕೊಂಬೆಗಳು ತುದಿಯಿಂದ ಕಂದಾಗುತ್ತ ಒಣಗುತ್ತವೆ. ಬೀಜದ ಪೊಟ್ಟಣದ ಮೇಲೆ ಈ ಮಾತು ದೊಡ್ಡಕ್ಷರದಲ್ಲಿ ಇದ್ದರೆ ಎಷ್ಟೋ ಜನರ ನಿರಾಸೆ ತಪ್ಪುತ್ತಿತ್ತು ಅನ್ನಿಸುತ್ತದೆ.

ನೆಲಕ್ಕೆ ಇಳಿಸುವಾಗ

ಎರಡು ಮೂರು ವರ್ಷದ, ಮೊಣಕಾಲಿನ ಎತ್ತರಕ್ಕೆ ಬಂದ ಸಸಿ ನೆಡಲು ಹದ. ಕಾಲ ಶರತ್ಕಾಲ ಇಲ್ಲವೇ ವಸಂತದ ಶುರು. ಗುಂಡಿ ಬೇರುಮುದ್ದೆಯ ಎರಡು ಪಟ್ಟು ಅಗಲ ಇರಲಿ, ಅದಕ್ಕಿಂತ ಆಳ ಬೇಡ. ಕುಂಡದಲ್ಲಿ ಎಲ್ಲಿಯವರೆಗೆ ಮಣ್ಣಿತ್ತೋ ನೆಲದಲ್ಲೂ ಅಲ್ಲಿಯವರೆಗೇ. ಸುತ್ತ ಒಂದು ಮೀಟರ್ ಹುಲ್ಲು ತೆಗೆಯಿರಿ. ಎಳೆ ಸಸಿಗೆ ಹುಲ್ಲು ನೀರಿನ ದೊಡ್ಡ ಪೈಪೋಟಿ. ಮರದ ಚಕ್ಕೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗದಂತೆ.

ಮೊದಲ ಎರಡು ಮೂರು ಬೇಸಿಗೆ ನೀರು ಕೊಡಬೇಕು. ದಿನಾ ಸ್ವಲ್ಪ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಡುವುದು ಮೇಲು. ಆಗ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ಜಾಗದ ವಿಚಾರದಲ್ಲಿ ದಯವಿಟ್ಟು ಧಾರಾಳವಾಗಿ ಯೋಚಿಸಿ. ಒಗ್ಗುವ ಜಾಗದಲ್ಲಿ ಬೇರೂರಿದ ಮೇಲೆ ಈ ಮರ ವರ್ಷಕ್ಕೆ ಅರ್ಧ ಮೀಟರ್‌ಗೂ ಹೆಚ್ಚು ಎತ್ತರ ಏರಬಲ್ಲದು. ಕಾಂಡ ಅಷ್ಟೇ ಬೇಗ ದಪ್ಪಗಾಗುತ್ತದೆ. ಬೇರು ಅಗಲಕ್ಕೆ ಹರಡುತ್ತದೆ ಎಂದು ಆಗಲೇ ನೋಡಿದೆವು. ಮನೆ, ನೀರಿನ ಪೈಪು, ವಿದ್ಯುತ್ ತಂತಿಗಳಿಂದ ದೂರ ಇರಬೇಕು. ಸಣ್ಣ ಹಿತ್ತಿಲಿಗೆ ಇದು ಸರಿಯಾದ ಮರ ಅಲ್ಲ. ಅಷ್ಟು ಜಾಗ ಇಲ್ಲದವರು ಇದನ್ನೇ ಬೋನ್ಸಾಯ್ ಆಗಿ ಹೊರಗಿನ ಕುಂಡದಲ್ಲಿ ಬೆಳೆಸುವುದುಂಟು. ಎಳೆ ಗಿಡದ ಕೊಂಬೆ ಕತ್ತರಿಸಿ ಬೇರು ಬರಿಸಿ ಹೊಸ ಗಿಡ ಮಾಡುವುದೂ ಸಾಧ್ಯ. ಮರಕ್ಕೆ ವಯಸ್ಸಾದಷ್ಟೂ ಅದು ಕಷ್ಟ.

ಬ್ರಿಟನ್ ಏನು ಕಲಿಸಿತು?

1852ರಲ್ಲಿ ಆಗಸ್ಟಸ್ ಡೌಡ್ ಎಂಬ ಬೇಟೆಗಾರ ಕ್ಯಾಲಿಫೋರ್ನಿಯಾದ ಕ್ಯಾಲವೆರಾಸ್ ಎಂಬ ಸೆಕೋಯಾ ತೋಪನ್ನು ಕಂಡ ಸುದ್ದಿ ಹೊರಜಗತ್ತಿಗೆ ಹಬ್ಬಿತು. ಮೂಲನಿವಾಸಿಗಳಿಗೆ ಈ ಮರಗಳು ಎಂದಿನಿಂದಲೂ ಗೊತ್ತಿದ್ದವು. ಮರುವರ್ಷವೇ ಡೌಡ್ ಅಲ್ಲಿ ಮೊದಲು ಕಂಡ ಮರವನ್ನು ಪ್ರದರ್ಶನಕ್ಕೆಂದು ಉರುಳಿಸಿದರು. ಉಳಿದ ಬುಡದ ಮೇಲೆ ಜನ ಕುಣಿದರು. ಅದೇ 1853ರಲ್ಲಿ ವಿಲಿಯಂ ಲಾಬ್ ಎಂಬ ಸಸ್ಯಸಂಗ್ರಾಹಕ ಬೀಜಗಳನ್ನು ಇಂಗ್ಲೆಂಡಿನ ವೀಚ್ ನರ್ಸರಿಗೆ ತಂದ. ಅಲ್ಲಿ ಇದಕ್ಕೆ ‘ವೆಲಿಂಗ್ಟೋನಿಯಾ’ ಎಂಬ ಹೆಸರು ಬಿತ್ತು. ಇವತ್ತಿಗೂ ಬ್ರಿಟನ್ನಿನಲ್ಲಿ ಅನೇಕರು ಹಾಗೇ ಕರೆಯುತ್ತಾರೆ.

ಸಿರಿವಂತರು ತಮ್ಮ ಎಸ್ಟೇಟ್‌ಗಳಲ್ಲಿ ಸಾಲುಸಾಲಾಗಿ ನೆಟ್ಟರು. ಸ್ಕಾಟ್ಲೆಂಡಿನ ಬೆನ್‌ಮೋರ್‌ನಲ್ಲಿ 1863ರಲ್ಲಿ ನೆಟ್ಟ ಸಾಲುಮರಗಳು ಇವತ್ತು 50 ಮೀಟರ್ ಆಸುಪಾಸಿನಲ್ಲಿವೆ. ದೈತ್ಯ ಸೆಕೋಯಾ ಮತ್ತು ಕರಾವಳಿ ರೆಡ್‌ವುಡ್ ಎರಡೂ ಸೇರಿ ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಮರ ಇರಬಹುದು ಎಂಬ ಅಂದಾಜು 2024ರಲ್ಲಿ ದೊಡ್ಡ ಸುದ್ದಿಯಾಯಿತು. ತವರಿನ ಬೆಟ್ಟಗಳಲ್ಲಿರುವ ದೊಡ್ಡ ಸೆಕೋಯಾಗಳ ಸಂಖ್ಯೆ 80 ಸಾವಿರಕ್ಕಿಂತ ಕಡಿಮೆ.

ಇದನ್ನು ಓದಿ ‘ಹಾಗಾದರೆ ಮರ ಅಪಾಯದಲ್ಲಿಲ್ಲ’ ಅಂದುಕೊಳ್ಳುವುದು ಸುಲಭ. ಆದರೆ ಬ್ರಿಟನ್ನಿನ ಮರಗಳೆಲ್ಲ ಯಾರೋ ನೆಟ್ಟವು. ಅಲ್ಲಿ ತಾವಾಗಿ ಬೀಜ ಬಿದ್ದು ಸಸಿ ಏಳುವುದು ತೀರ ಅಪರೂಪ. ಚಳಿ ಇದೆ, ಮಳೆ ಇದೆ, ಮಣ್ಣೂ ಒಳ್ಳೆಯದೇ. ನೆಲ ಹದ ಮಾಡುವ ಬೆಂಕಿ ಇಲ್ಲ. ಮರ ಬೆಳೆಯುವುದಕ್ಕೆ ಬೇಕಾದ್ದೇ ಬೇರೆ, ಮರ ಹುಟ್ಟುವುದಕ್ಕೆ ಬೇಕಾದ್ದೇ ಬೇರೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸುಟ್ಟ ತೋಪುಗಳಲ್ಲಿ ಮತ್ತೆ ನೆಡಬೇಕೇ?

ಸಿಯೆರಾದಲ್ಲಿ ಈಗ ಚರ್ಚೆ ಇದರ ಬಗ್ಗೆ. ಬೆಂಕಿ ಹದವಾಗಿ ಹರಿದ ಕಡೆ ಸಸಿಗಳು ತಾವಾಗಿಯೇ ಒತ್ತೊತ್ತಾಗಿ ಏಳುತ್ತವೆ. ಅಲ್ಲಿ ಯಾರೂ ಕೈಹಾಕಬೇಕಿಲ್ಲ. ತೊಂದರೆ ಇರುವುದು ನೆತ್ತಿಯವರೆಗೂ ಸುಟ್ಟ ಜಾಗಗಳಲ್ಲಿ. ಅಲ್ಲಿ ತಾಯಿಮರವೂ ಇಲ್ಲ, ಬೀಜವೂ ಇಲ್ಲ. ಸೆಕೋಯಾ ಬೀಜ ಗಾಳಿಯಲ್ಲಿ ಬಹಳ ದೂರ ಹೋಗುವುದೂ ಇಲ್ಲ. ಸುಮ್ಮನೆ ಬಿಟ್ಟರೆ ಪೊದೆ ಎದ್ದು, ಸೆಕೋಯಾಗೆ ಬೇಕಾದ ಬರಿಮಣ್ಣು ಮುಚ್ಚಿಹೋಗುತ್ತದೆ. ನೆಡಬೇಕು ಅನ್ನುವವರ ವಾದ ಇದು.

ನೆಡಬಾರದು ಅನ್ನುವವರೂ ಮರವನ್ನು ಪ್ರೀತಿಸುವವರೇ. ಈ ತೋಪುಗಳಲ್ಲಿ ಕೆಲವು ಕಾನೂನಿನ ಪ್ರಕಾರ ಮನುಷ್ಯರ ಕೈ ಸೋಕಬಾರದ ಕಾಡು. ಅಲ್ಲಿ ಸಸಿ ನೆಟ್ಟರೆ ಅದು ಕಾಡಾಗಿ ಉಳಿಯುತ್ತದೋ, ತೋಟವಾಗುತ್ತದೋ ಎಂಬುದು ಅವರ ಪ್ರಶ್ನೆ. ಕಾಡಿಗೆ ಇನ್ನಷ್ಟು ಸಮಯ ಕೊಟ್ಟು ನೋಡಬೇಕು ಎಂದೂ ಅವರು ಹೇಳುತ್ತಾರೆ.

2023ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ, ರೆಡ್‌ವುಡ್ ಮೌಂಟನ್ ತೋಪೂ ಸೇರಿದಂತೆ ಅತಿ ಹೆಚ್ಚು ಸುಟ್ಟ ಕೆಲವು ಕಡೆ ಸಸಿ ನೆಡಲು ನಿರ್ಧರಿಸಿತು. ಇಂಥ ಸಸಿಗಳನ್ನು ಬೆಳೆಸುವ ವಿಧಾನ ಮೇಲೆ ಹೇಳಿದ್ದೇ. ಕೋನ್ ಕೀಳಲು ಜನ ಹಗ್ಗ ಕಟ್ಟಿಕೊಂಡು ಹತ್ತಾರು ಮೀಟರ್ ಎತ್ತರಕ್ಕೆ ಹತ್ತುತ್ತಾರೆ. ಕೋನ್ ಒಣಗಿಸಿ ಬೀಜ ಉದುರಿಸುತ್ತಾರೆ. ಬೀಜಕ್ಕೆ ಚಳಿ ಕೊಟ್ಟು, ನರ್ಸರಿಯ ಉದ್ದ ಕೊಳವೆಗಳಲ್ಲಿ ಬೇರು ಇಳಿಸಿ, ಆಮೇಲೆ ಬೆಟ್ಟಕ್ಕೆ ಒಯ್ಯುತ್ತಾರೆ. ಅಳಿಲು, ಜೀರುಂಡೆ, ಹಿಮ, ಬೂದಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಜನ ಒಂದೊಂದಾಗಿ ಕೈಯಿಂದ ಮಾಡುತ್ತಿದ್ದಾರೆ. ನೆಟ್ಟ ಮೇಲೆ ಕುಂಡದ ಗಿಡಕ್ಕೆ ಹೊಯ್ದಂತೆ ದಿನಾ ನೀರು ಹೊಯ್ಯುವವರು ಆ ಬೆಟ್ಟದಲ್ಲಿ ಯಾರೂ ಇಲ್ಲ. ಮೊದಲ ಬೇಸಿಗೆಯನ್ನು ಸಸಿ ತನ್ನ ಬೇರಿನ ಬಲದಿಂದ, ಆ ವರ್ಷ ಬಿದ್ದ ಹಿಮದ ಬಲದಿಂದ ದಾಟಬೇಕು.